ಕರ್ರಾರ್ ಕಳಿಸಿದ ಗೊಬ್ಬರ

ಅಣ್ಣ ಕಳಿಸಿದ ಗೊಬ್ಬರದ ಲಾರಿ ತೋಟದ ಬಾಗಿಲಲ್ಲಿ ಬಂದು ನಿಂತಾಗ ಬತೂಲ್ ಅತ್ತುಬಿಟ್ಟಳು. ದುಃಖಕ್ಕಲ್ಲ, ಸಂತೋಷಕ್ಕೆ. ಕರ್ರಾರ್ ಅವಳ ಜೊತೆ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ಬೇಲಿಯ ಆ ಕಡೆ ಅವನು ಕೆಮ್ಮಿದರೆ ಈ ಕಡೆ ಅವಳಿಗೆ ಕೇಳಿಸುತ್ತಿತ್ತು. ಅಷ್ಟು ಹತ್ತಿರ ಇದ್ದುಕೊಂಡೂ ಹಬ್ಬದ ದಿನ ಕೂಡ ಅವನು ಇತ್ತ ಕಾಲಿಟ್ಟಿರಲಿಲ್ಲ. ಈಗ ನೋಡಿದರೆ ಲಾರಿ ತುಂಬ ಆಡಿನ ಹಿಕ್ಕೆ, ಡ್ರೈವರನ ಪಕ್ಕದಲ್ಲಿ ಅವನ ಮಗಳು ಇಜ್ಲಾಲ್.

“ಅತ್ತೇ, ಅಪ್ಪ ಕಳಿಸಿದ್ರು! ಈರುಳ್ಳಿಗೆ, ಚಕ್ಕೋತದ ಗಿಡಕ್ಕೆ, ಎಲ್ಲದಕ್ಕೂ ಧಾರಾಳವಾಗಿ ಹಾಕು ಅಂದ್ರು. ನಾನೂ ಹರಡ್ತೀನಿ,” ಎಂದು ಹುಡುಗಿ ಲಾರಿಯಿಂದ ಜಿಗಿದಳು. ಹದಿನಾಲ್ಕು ವರ್ಷದವಳು, ಮಾತಿಗೆ ಮುಂಚೆ ನಗುವವಳು.

“ಅಪ್ಪ ಇನ್ನೇನಂದ್ರು?”

“ತಂಗಿ ತೋಟ ಹಸಿರಾಗಿರ್ಲಿ ಅಂದ್ರು.”

ಬತೂಲ್ ಸೆರಗಿನಿಂದ ಕಣ್ಣೊರೆಸಿಕೊಂಡು ಬುಟ್ಟಿ ತಂದಳು.

ಪೂರ್ವ ಸುಡಾನಿನ ಕಸಲಾ ಊರಿನ ಅಂಚಿನಲ್ಲಿ, ಗಾಶ್ ನದಿಯ ದಂಡೆಯ ಮೇಲಿದ್ದ ಆ ತೋಟ ಅವರ ತಂದೆ ಹಾಜಿ ದಫಲ್ಲಾನದು. ಬತೂಲಳನ್ನು ಪೋರ್ಟ್ ಸುಡಾನಿನ ಗುಮಾಸ್ತನೊಬ್ಬನಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ, ಇವಳನ್ನು ಬಿಟ್ಟ. ತವರಿಗೆ ಬಂದವಳು ಹಾಸಿಗೆ ಹಿಡಿದ ತಂದೆಯ ಮೈ ತೊಳೆದಳು, ಬಾಯಿಗೆ ಗಂಜಿ ಹಾಕಿದಳು, ಕೊನೆಯ ಉಸಿರಿನ ತನಕ ಪಕ್ಕದಲ್ಲಿದ್ದಳು. ಕರ್ರಾರ್ ತೋಟ ನೋಡಿಕೊಂಡ.

ತಂದೆ ತೀರಿಕೊಂಡ ಮೇಲೆ ದುಃಖದ ಚಪ್ಪರದಲ್ಲಿ ಹಿರಿಯರು ಕೂತು ಪಾಲಿನ ಮಾತು ತೆಗೆದರು. ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು ಎಂದು ಧರ್ಮವೇನೋ ಹೇಳುತ್ತದೆ. ಆದರೆ ಹೆಣ್ಣುಮಕ್ಕಳು ಆ ಒಂದನ್ನೂ ‘ಅಣ್ಣನಿಗಿರಲಿ’ ಎಂದು ಬಿಟ್ಟುಕೊಡುವುದು ಅಲ್ಲಿನ ರೂಢಿ. ಹಿರಿಯರು ಕೇಳಿದ್ದೂ ಆ ಉತ್ತರಕ್ಕಾಗಿಯೇ. ಪರದೆಯ ಹಿಂದಿನಿಂದ ಬತೂಲ್ ಹೇಳಿದಳು: “ನನ್ನ ಪಾಲು ನನಗೆ ಬೇಕು. ದುಡ್ಡಲ್ಲ, ಮಣ್ಣು.”

ಹಿರಿಯರು ಕರ್ರಾರನ ಕಡೆ ತಿರುಗಿದರು. ಅವನು ನಕ್ಕ. “ಅವಳ ಹಕ್ಕು, ಕೊಡೋಣ,” ಎಂದ. ನದಿ ಕಡೆಯ ತುಂಡನ್ನು ಕೊಟ್ಟು, ನಡುವೆ ಮುಳ್ಳಿನ ಬೇಲಿ ಹಾಕಿಸಿ, ಅಂದಿನಿಂದ ಮಾತು ಬಿಟ್ಟ.

ಅಂಥ ಅಣ್ಣ ಗೊಬ್ಬರ ಕಳಿಸಿದ್ದ. ಅತ್ತೆ, ಸೊಸೆ ಇಬ್ಬರೂ ಸೇರಿ ಕೈ ಕಪ್ಪಾಗುವಷ್ಟು ಹರಡಿದರು. ಈರುಳ್ಳಿಯ ಪಾತಿಗಳಿಗೆ ಹಾಕಿದರು, ಪೇರಲೆಯ ಸಾಲಿಗೆ ಹಾಕಿದರು, ತಂದೆಯ ಕಾಲದ ಚಕ್ಕೋತದ ಮರಗಳ ಬುಡಕ್ಕೆ ಸುರಿದರು. ಬತೂಲ್ ಪಂಪು ಹಾಕಿ ನೀರು ಹಾಯಿಸಿದಳು.

ಈರುಳ್ಳಿ ಏಳುವ ಮೊದಲೇ ಬೇರೇನೋ ಎದ್ದಿತು. ಎರಡೆರಡು ದಪ್ಪ ಎಲೆಯ ಮೊಳಕೆಗಳು, ಕಾಲಿಡಲು ಜಾಗವಿಲ್ಲದ ಹಾಗೆ. ಬತೂಲ್ ಬಗ್ಗಿ ಒಂದನ್ನು ಕಿತ್ತು ನೋಡಿದಳು. ಮಸ್ಕೀತ್, ಮುಳ್ಳಿನ ಜಾಲಿ. ಒಂದು ಕಾಲಕ್ಕೆ ಮರಳು ತಡೆಯಲೆಂದು ಸರ್ಕಾರದವರು ತಂದು ನೆಟ್ಟದ್ದು, ಈಗ ಹಳ್ಳಿ ಹಳ್ಳಿಗಳನ್ನೇ ನುಂಗುತ್ತಿದ್ದ ಜಾಲಿ. ಅವಳು ಅಷ್ಟೊಂದು ಹೆದರಲಿಲ್ಲ. ಎಳೆಯದು, ಕಿತ್ತರಾಯಿತು ಎಂದುಕೊಂಡು ಕಿತ್ತಳು. ಜಾಲಿಯ ಜೊತೆ ಈರುಳ್ಳಿಯ ಸಸಿಯೂ ಕಿತ್ತುಬಂತು. ಒಂದು ಪಾತಿ ಮುಗಿಸಿ ತಿರುಗುವಷ್ಟರಲ್ಲಿ ಹಿಂದಿನ ಪಾತಿಯಲ್ಲಿ ಹೊಸದು ಎದ್ದಿರುತ್ತಿತ್ತು. ನೀರು ಬಿಟ್ಟರೆ ಜಾಲಿ ಕುಡಿಯಿತು, ನೀರು ಬಿಡದಿದ್ದರೆ ಈರುಳ್ಳಿ ಒಣಗಿತು. ಗಾಶ್ ತುಂಬಿ ಹರಿದು ಇಳಿಯುವ ವೇಳೆಗೆ ಗಿಡಗಳು ಸೊಂಟ ಮುಟ್ಟಿದ್ದವು. ಮುಳ್ಳು ಬೆರಳಿನಷ್ಟು ಉದ್ದ ಬಂದಿತ್ತು. ಮೊಳಕಾಲಿನ ಎತ್ತರಕ್ಕೆ ಕಡಿದ ಒಂದೊಂದು ಬುಡದಿಂದ ಐದಾರು ಕವಲು ಚಿಗುರಿದವು. ಬುಡ ಅಗೆದು ತಾಯಿಬೇರನ್ನು ತುಂಡು ಮಾಡದೆ ಅದು ಸಾಯುವುದಿಲ್ಲವೆಂದು ಅವಳಿಗೆ ಗೊತ್ತಾಗುವಾಗ ಅಂಗೈಯೆಲ್ಲ ಬೊಬ್ಬೆ ಎದ್ದು ಒಡೆದಿತ್ತು.

ಗೊಬ್ಬರ ಬಂದಂದಿನಿಂದ ಕರ್ರಾರ್ ಮಾತಾಡತೊಡಗಿದ್ದ. ಸಂಜೆ ಹೊತ್ತು ಬಂದು ಬೇವಿನ ನೆರಳಲ್ಲಿ ಕೂರುತ್ತಿದ್ದ. ಬತೂಲ್ ಗುದ್ದಲಿ ಬಿಟ್ಟು, ಕೈ ತೊಳೆದು, ಕಾಫಿಬೀಜ ಹುರಿದು ಶುಂಠಿ ಹಾಕಿ ಕುದಿಸಿ ಕೊಡುತ್ತಿದ್ದಳು. ಅವನು ಒಂದೊಂದೇ ಗುಟುಕು ಹೀರುತ್ತಾ ತೋಟವನ್ನು ಕಣ್ಣು ತುಂಬ ನೋಡುತ್ತಿದ್ದ.

“ಹೊಳೆ ನೀರಲ್ಲಿ ಬೀಜ ಬಂದಿರುತ್ತೆ ಕಣೇ. ಏನ್ ಮಾಡೋಕಾಗುತ್ತೆ.”

“ನಿನ್ನ ಕಡೆ ಯಾಕೆ ಬಂದಿಲ್ಲ ಅಣ್ಣಾ? ಹೊಳೆ ಒಂದೇ ಅಲ್ವಾ?”

“ನಮ್ಮ ಕಡೆ ಗಂಡಸರಿದ್ದಾರೆ.” ಬಟ್ಟಲು ಮುಂದಕ್ಕೆ ಚಾಚಿದ. “ಇನ್ನೊಂಚೂರು ಹಾಕು. ನೋಡು, ನಮ್ಮನೇಲಿ ಅಡುಗೆಮನೆ ಪಕ್ಕದ ಕೋಣೆ ಖಾಲಿ ಬಿದ್ದಿದೆ. ನಿನ್ನತ್ತಿಗೆ ರೌದಾಗೂ ಕೈಗೊಬ್ಬರು ಬೇಕು, ಮುದುಕಿ ಆಗ್ತಿದ್ದಾಳೆ. ಬಂದುಬಿಡು. ಈ ಜಾಗ ನಾನು ಹೇಗೋ ನೋಡ್ಕೋತೀನಿ.”

“ಬೇಡಣ್ಣ.”

“ಬೇಡ ಅಂದ್ರೆ ಬೇಡ. ನಾನೇನು ಬಲವಂತ ಮಾಡ್ತೀನಾ?” ಎಂದು ಎದ್ದ. ಹೋಗುವಾಗ ಅವಳ ಅಂಗೈ ಹಿಡಿದು ತಿರುಗಿಸಿ ನೋಡಿ, “ಛೆ, ಕಮ್ಮಾರನ ಕೈ ಆಗಿಬಿಟ್ಟಿದೆ. ಇನ್ಮೇಲೆ ಮದುವೆ ಮಾತು ಬಿಡು,” ಎಂದು ನಕ್ಕ. ಅವಳೂ ನಕ್ಕಳು. ಅಣ್ಣ ತಮಾಷೆ ಮಾಡುತ್ತಿದ್ದಾನಲ್ಲ ಎಂದು ಒಳಗೊಳಗೆ ಸಮಾಧಾನವೂ ಪಟ್ಟಳು.

ಎರಡನೆಯ ವರ್ಷ ಕಣ್ಣು ಹೋಯಿತು. ಕಡಿದ ಕೊಂಬೆಯನ್ನು ಕಾಲಡಿ ಮೆಟ್ಟಿ ಬಗ್ಗಿಸುತ್ತಿದ್ದಳು. ಕಾಲು ಜಾರಿತು, ಕೊಂಬೆ ಚಿಮ್ಮಿ ಮುಖಕ್ಕೆ ಬಡಿಯಿತು. ಮುಳ್ಳು ಎಡಗಣ್ಣಿನ ಗುಡ್ಡೆಯೊಳಗೇ ಮುರಿದು ಉಳಿಯಿತು. ಅವಳ ಕೂಗು ಕೇಳಿ ಕರ್ರಾರನೇ ಬೇಲಿ ಸುತ್ತಿ ಓಡಿಬಂದ, ಅವನೇ ಗಾಡಿ ಮಾಡಿಸಿ ಆಸ್ಪತ್ರೆಗೆ ಕರೆದೊಯ್ದ, ರಾತ್ರಿಯೆಲ್ಲ ಹೊರಗೆ ಚಾಪೆ ಹಾಸಿಕೊಂಡು ಕೂತ. ಕಣ್ಣು ಉಳಿಯಲಿಲ್ಲ. ಮನೆಗೆ ಕರೆತರುವಾಗ ಗಾಡಿಯಲ್ಲಿ, ಪಟ್ಟಿ ಕಟ್ಟಿದ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಮೆಲ್ಲಗೆ ಹೇಳಿದ:

“ಇನ್ನೊಂದು ಇದೆಯಲ್ಲ, ಅದನ್ನಾದ್ರೂ ಬುದ್ಧಿ ಕಲಿಯೋಕೆ ಇಟ್ಕೋ.”

ಬತೂಲಳಿಗೆ ಅದು ಪ್ರೀತಿಯ ಗದರಿಕೆಯೆಂದೇ ತೋರಿತು. ಗಾಯ ಮಾಗಿದ ಮೇಲೆ ಮತ್ತೆ ಗುದ್ದಲಿ ಹಿಡಿದಳು. ಒಂದೇ ಕಣ್ಣಿಗೆ ದೂರ, ಹತ್ತಿರ ಸರಿಯಾಗಿ ತಿಳಿಯದು. ಕೊಡಲಿ ಏಟು ಎಷ್ಟೋ ಸಲ ಬುಡಕ್ಕೆ ಬೀಳದೆ ಮಣ್ಣಿಗೆ ಬೀಳುತ್ತಿತ್ತು. ಇಜ್ಲಾಲ್ ಆಗಾಗ ಬಂದು ಸಹಾಯ ಮಾಡಿ ಹೋಗುತ್ತಿದ್ದಳು. ಹಾಗೂ ಹೀಗೂ ಚಕ್ಕೋತದ ಮರಗಳ ಸುತ್ತ ಒಂದಿಷ್ಟು ಜಾಗ ಚೊಕ್ಕವಾಯಿತು.

ಆ ಬೇಸಿಗೆಯಲ್ಲಿ ಆಡು ಸಾಕುವ ಓಶೇಕ್ ಬಂದ. ಹದೆಂದೊವಾ ಜನದವನು, ಊರಾಚೆ ದೊಡ್ಡ ದೊಡ್ಡಿ ಇಟ್ಟುಕೊಂಡಿದ್ದ. “ಅಕ್ಕಾ, ನಿಮ್ಮ ಜಾಲಿಕಾಯಿ ಉದುರಿ ಬಿದ್ದಿದೆ. ಆಡಿಗೆ ಬೇರೆ ಮೇವಿಲ್ಲ. ಆರಿಸ್ಕೊಳ್ಲಾ?” ಎಂದು ಕೇಳಿದ.

“ಆರಿಸ್ಕೋ. ಒಂದನ್ನೂ ಬಿಡಬೇಡ. ಎಲ್ಲಿಂದ ಬಂತೋ ಈ ಪೀಡೆ.”

ಓಶೇಕ್ ಚೀಲ ಬಿಚ್ಚುತ್ತಾ ಅಂದ: “ಇದು ಹೆಚ್ಚು ಹರಡೋದು ಆಡಿನ ಹೊಟ್ಟೆಯಿಂದಲೇ ಅಕ್ಕಾ. ಕಾಯಿ ತಿನ್ನುತ್ತೆ, ಬೀಜ ಹಾಗ್ಹಾಗೇ ಆಚೆ ಬರುತ್ತೆ. ಹಿಕ್ಕೆ ಜೊತೆ ಬಿದ್ರೆ ತಕ್ಷಣ ಮೊಳಕೆ. ಅದಕ್ಕೇ ನಾನು ಹೊಸ ಹಿಕ್ಕೆನ ತೋಟದವರಿಗೆ ಕೊಡಲ್ಲ. ನಿಮ್ಮಣ್ಣಂಗೂ ಹೇಳಿದ್ದೆ. ಅವರು ಇಟ್ಟಿಗೆ ಗೂಡಿಗೆ ಅಂದ್ರು, ಅದಕ್ಕೇ ಕೊಟ್ಟೆ.”

ಬತೂಲ್ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು. “ಯಾವಾಗ?”

“ನಿಮ್ಮ ತಂದೆ ಹೋದ ವರ್ಷ. ಹಳೇ ರಾಶಿ ಇತ್ತು, ಚೆನ್ನಾಗಿ ಕೊಳೆತದ್ದು. ಅದು ಬೇಡ ಅಂದ್ರು. ಬರೀ ಜಾಲಿಕಾಯಿ ತಿಂದ ಆಡಿನ ಹಿಕ್ಕೇನೇ ಬೇಕು ಅಂದ್ರು. ಮಣ್ಣಿಗೆ ಮಾತ್ರ ಸೇರಿಸ್ಬೇಡಿ ಸ್ವಾಮಿ ಅಂದೆ. ‘ಎಲ್ಲಿ ಹಾಕ್ಬೇಕು ಅಂತ ನಂಗೊತ್ತು’ ಅಂದ್ರು.”

ಓಶೇಕ್ ಬಗ್ಗಿ ಕಾಯಿ ಆರಿಸತೊಡಗಿದ. ಬತೂಲ್ ಅಲ್ಲೇ ಮಣ್ಣಿನ ಮೇಲೆ ಕೂತಳು. ಅವನು ಚೀಲ ಹೊತ್ತು ಸಲಾಂ ಹೇಳಿ ಹೋದದ್ದೂ ಅವಳಿಗೆ ಕೇಳಿಸಲಿಲ್ಲ.

ಮಧ್ಯಾಹ್ನ ಅಣ್ಣನ ಮನೆಗೆ ಹೋದಳು. ಕರ್ರಾರ್ ಊಟಕ್ಕೆ ಕೂತಿದ್ದ. ರೌದಾ ಬೆಂಡೆಪುಡಿಯ ಸಾರು ಬಡಿಸುತ್ತಿದ್ದಳು. ಇಜ್ಲಾಲ್ ಶಾಲೆಗೆ ಹೋಗಿದ್ದಳು.

“ಓಶೇಕ್ ಬಂದಿದ್ದ,” ಎಂದಳು ಬತೂಲ್.

ಕರ್ರಾರನ ಕೈ ತಟ್ಟೆಯಲ್ಲಿ ಒಂದು ಕ್ಷಣ ನಿಂತಿತು, ಮತ್ತೆ ತುತ್ತು ಮುರಿಯಿತು. “ಕೂತ್ಕೋ, ಊಟ ಮಾಡು.”

“ಗೊತ್ತಿದ್ದೇ ಕಳಿಸಿದೆಯಾ?”

“ಏನನ್ನ? ಗೊಬ್ಬರ ತಾನೇ? ಅಣ್ಣ ತಂಗಿಗೆ ಗೊಬ್ಬರ ಕಳಿಸಿದ. ಹೋಗಿ ಊರೆಲ್ಲ ಹೇಳು, ಯಾರು ಏನಂತಾರೆ ನೋಡೋಣ.” ಅವನು ಬೆರಳು ನೆಕ್ಕಿಕೊಂಡ. “ಮಣ್ಣು ಬೇಕು ಅಂದೆ. ಹಿರಿಯರ ಮುಂದೆ, ನನ್ನ ಮುಖಕ್ಕೆ ಹೊಡೆದ ಹಾಗೆ. ಮಣ್ಣು ಕೊಟ್ಟೆ. ಗೊಬ್ಬರಾನೂ ಕೊಟ್ಟೆ. ಇನ್ನೇನು ಬೇಕು?”

“ನನ್ನ ಕಣ್ಣು ಹೋಯ್ತು ಕರ್ರಾರ್.”

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನಿಗಿಂತ ಮೊದಲು ರೌದಾ ಬಾಯಿಬಿಟ್ಟಳು: “ನಾವೇನು ಕಣ್ಣಿಗೆ ಚುಚ್ಚಿದ್ವಾ? ಮೊದಲ ವರ್ಷಾನೇ ಬಿಟ್ಟು ಬರ್ತೀಯ ಅಂತ ಇವರು, ಇಲ್ಲ ಎರಡನೇ ವರ್ಷ ಅಂತ ನಾನು. ಇಷ್ಟು ಹಟ ಹಿಡೀತೀಯ ಅಂತ ಯಾರಿಗೆ ಗೊತ್ತಿತ್ತು, ತಾಯಿ!” ಗಂಡ ಹೆಂಡತಿ ಇಬ್ಬರೂ ನಕ್ಕರು. ಅವರ ನಗುವಿನಲ್ಲಿ ಮುಚ್ಚುಮರೆ ಇರಲಿಲ್ಲ.

ಮರಳುವ ದಾರಿಯುದ್ದಕ್ಕೂ ಬತೂಲಳ ಕಣ್ಣ ಮುಂದೆ ಲಾರಿಯಿಂದ ಜಿಗಿದ ಇಜ್ಲಾಲಳೇ ಇದ್ದಳು. ‘ಧಾರಾಳವಾಗಿ ಹಾಕು ಅಂದ್ರು.’ ಹುಡುಗಿಗೂ ಗೊತ್ತಿತ್ತು. ಗೊತ್ತಿದ್ದೇ ನಗುತ್ತಾ ಹರಡಿದಳು. ಮನೆ ಮುಟ್ಟುವ ವೇಳೆಗೆ ಆ ಅನುಮಾನ ಗಟ್ಟಿಯಾಗಿ ಕೂತಿತ್ತು.

ಮರುದಿನದಿಂದ ಬತೂಲ್ ಅಗೆಯುವುದನ್ನು ನಿಲ್ಲಿಸಿದಳು. ನಿಲ್ಲಿಸಿದಳಷ್ಟೇ ಅಲ್ಲ, ಪಂಪಿನ ಕಾಲುವೆಯನ್ನು ಚಕ್ಕೋತದಿಂದ ತಿರುಗಿಸಿ ಬೇಲಿಯ ಸಾಲಿಗೆ ಬಿಟ್ಟಳು. ಅಣ್ಣನ ತೋಟಕ್ಕೆ ತಾಗಿಕೊಂಡಿದ್ದ ಜಾಲಿಗಳಿಗೆ ಮಕ್ಕಳಿಗೆ ಹಾಲೆರೆದ ಹಾಗೆ ನೀರೆರೆದಳು. ತಂದೆ ನೆಟ್ಟ ಮರಗಳು ಎಲೆ ಉದುರಿಸಿದವು. ಅವಳು ನೋಡುತ್ತಾ ಕೂತಳು. ಓಶೇಕನನ್ನು ಕರೆಸಿ, “ಆಡುಗಳನ್ನೇ ಹೊಡ್ಕೊಂಡು ಬಾ, ಇಲ್ಲೇ ಮೇಯಲಿ,” ಎಂದಳು. ಅವನು ತಂದುಬಿಟ್ಟ. ಕತ್ತಲಾಗುವ ಮುಂಚೆ, ಅವನು ನಮಾಜಿಗೆ ಹೋದಾಗ, ಬೇಲಿಯಲ್ಲಿ ಒಂದು ಕಡೆ ತಾನೇ ಸಂದು ಮಾಡಿದಳು. ಹೊಟ್ಟೆ ತುಂಬ ಕಾಯಿ ತಿಂದ ಆಡುಗಳು ಕರ್ರಾರನ ಹಸಿರು ಹುಲ್ಲಿಗೆ ನುಗ್ಗಿ ಅಲ್ಲೆಲ್ಲ ಹಿಕ್ಕೆ ಹಾಕಿ ಬಂದವು. ಓಶೇಕ್ ಬೈಸಿಕೊಂಡ. ಸಂದು ಮುಚ್ಚಿದರೆ ಇನ್ನೊಂದು ಕಡೆ ಬಿಟ್ಟುಕೊಂಡಿತು.

ಒಂದು ವರ್ಷ ಕರ್ರಾರ್ ಆಳುಗಳನ್ನಿಟ್ಟು ಕೀಳಿಸಿದ. ಎರಡನೆಯ ವರ್ಷ ಅವನ ಬಾಳೆ ಕುಗ್ಗಿತು, ಚಕ್ಕೋತದ ಕಾಯಿ ನಿಂಬೆಯಷ್ಟಕ್ಕೇ ನಿಂತಿತು. ಬತೂಲಳ ಕಡೆಯ ಬೇರು ಅವನ ಕಡೆಯ ನೀರು ಕುಡಿಯುತ್ತಿತ್ತು. ಆಳುಗಳು ಮುಳ್ಳಿನ ಕೆಲಸ ಬೇಡವೆಂದು ಒಬ್ಬೊಬ್ಬರೇ ಬಿಟ್ಟರು. ಅವನಿಗೆ ಸಕ್ಕರೆ ಕಾಯಿಲೆ ಬಂದು ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಒಂದು ದಿನ ಕೋಲೂರಿಕೊಂಡು ಬತೂಲಳ ಬಾಗಿಲಿಗೆ ಬಂದ.

“ಸಾಕು ಮಾಡೇ. ಬೇಲಿ ಸಾಲು ಕಡಿಸಿಬಿಡು. ಖರ್ಚು ನಂದು.”

ಬತೂಲ್ ಕಾಫಿ ಹುರಿದಳು, ಕುದಿಸಿದಳು, ಬಟ್ಟಲು ಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಎದುರಿಗೆ ಕೂತಿದ್ದಳು. ಆಮೇಲೆ, “ಹೊಳೆ ನೀರಲ್ಲಿ ಬಂದಿರುತ್ತೆ. ಏನ್ ಮಾಡೋಕಾಗುತ್ತೆ,” ಎಂದಳು.

ಅವನು ಬಟ್ಟಲನ್ನು ನೆಲಕ್ಕೆ ಕುಕ್ಕಿ ಎದ್ದುಹೋದ. ಎಷ್ಟೋ ದಿನಗಳ ಮೇಲೆ ಬತೂಲ್ ಅವತ್ತು ಹೊಟ್ಟೆ ತುಂಬ ಊಟ ಮಾಡಿದಳು.

ಕರ್ರಾರನೇ ಮುಳ್ಳಿಗೆ ಕೈ ಹಾಕಬೇಕು, ಅವನ ಕೈ ಕೀವಾಗಬೇಕು, ತಾನು ಈ ಕಡೆಯಿಂದ ನೋಡಬೇಕು ಎಂದು ಅವಳು ಕಾದಳು. ಆದರೆ ಒಂದು ಬೆಳಿಗ್ಗೆ ಬೇಲಿಯಾಚೆ ಕೊಡಲಿ ಸದ್ದು ಕೇಳಿ ಇಣುಕಿದರೆ ಕಂಡದ್ದು ಇಜ್ಲಾಲ್. ಶಾಲೆ ಬಿಡಿಸಿದ್ದರು. ಹದಿನೆಂಟರ ಹುಡುಗಿ, ಗೆದಾರಿಫ್ ಕಡೆಯ ಒಳ್ಳೆಯ ಮನೆತನದಲ್ಲಿ ಮದುವೆ ಗೊತ್ತಾಗಿತ್ತು. ಅಪ್ಪನ ಹಳೆಯ ಜುಬ್ಬ ತೊಟ್ಟು, ಕೈಗೆ ಗೋಣಿ ಸುತ್ತಿಕೊಂಡು, ಬುಡ ಅಗೆಯುತ್ತಿದ್ದಳು. ಮುಖದ ತುಂಬ ಗೀರು.

ಅತ್ತೆಯನ್ನು ಕಂಡು ಅವಳು ಬೇಲಿಯ ಹತ್ತಿರ ಬಂದಳು.

“ಅತ್ತೇ, ಯಾಕೆ ನಮ್ಮನೆ ಕಡೆ ಬರೋದೇ ಬಿಟ್ರಿ? ನಾನು ಬಂದ್ರೂ ಬಾಗಿಲು ತೆಗೀಲಿಲ್ಲ.” ಗೋಣಿ ಸುತ್ತಿದ ಕೈಯಿಂದ ಬೇಲಿಯಾಚೆ ತೋರಿಸಿ ಅಂದಳು: “ನಿಮ್ಮ ಕಡೆಯ ಸಾಲು ಕಡಿಸಿಬಿಡಿ ಅತ್ತೇ. ನಾನೊಬ್ಬಳೇ ಎಷ್ಟೂಂತ ಕೀಳಲಿ? ಕಿತ್ತ ಹಾಗೇ ಬರ್ತಾ ಇದೆ. ಮದುವೆಗೆ ಮುಂಚೆ ಈ ಸಾಲು ಮುಗಿಸ್ಲೇಬೇಕಂತೆ, ಇಲ್ಲಾಂದ್ರೆ ಅಪ್ಪ ಬೆಲ್ಟ್ ತಗೋತಾರೆ.”

“ಗೊಬ್ಬರ ಹರಡೋಕೆ ಬಂದೆಯಲ್ಲ, ಅವತ್ತು ಬಾಯ್ತುಂಬ ನಗ್ತಿದ್ದೆ. ಈಗ ಯಾಕೆ ಅಳ್ತೀಯ?”

“ಯಾವ ಗೊಬ್ಬರ?”

“ನಿನ್ನಪ್ಪ ಜಾಲಿ ಬೀಜ ತುಂಬಿಸಿ ಕಳಿಸಿದ ಗೊಬ್ಬರ. ನಿನ್ನ ಕೈಯಿಂದಲೇ ಹಾಕಿಸಿದ ಗೊಬ್ಬರ.”

ಇಜ್ಲಾಲ್ ಅತ್ತೆಯ ಮುಚ್ಚಿದ ಎಡಗಣ್ಣನ್ನು ನೋಡಿದಳು, ತನ್ನ ಅಂಗೈಗಳನ್ನು ನೋಡಿದಳು, ಹಿಂತಿರುಗಿ ಮನೆಯ ಕಡೆ ನೋಡಿದಳು. ಹುಡುಗಿಗೆ ಏನೂ ಗೊತ್ತಿರಲಿಲ್ಲ. ಅದು ಆ ಮುಖದಲ್ಲಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಬತೂಲಳಿಗೆ ಇನ್ನೊಂದು ಕಣ್ಣು ಬೇಕಾಗಿರಲಿಲ್ಲ.

ಆಗ ಅವಳು ಒಂದು ಮಾತಾಡಬಹುದಿತ್ತು. ಸಂದಿನಿಂದ ಕೈ ಚಾಚಿ ಹುಡುಗಿಯ ಗೀರಿದ ಕೆನ್ನೆ ಮುಟ್ಟಬಹುದಿತ್ತು. ಆದರೆ ಸಾಲು ಕಡಿಸಿದರೆ ಕರ್ರಾರ್ ಗೆದ್ದ ಹಾಗೆ, ಬೇವಿನ ಕೆಳಗೆ ಮತ್ತೆ ಬಂದು ಕೂರುತ್ತಾನೆ, ಬಟ್ಟಲು ಚಾಚುತ್ತಾನೆ.

“ಹೋಗು, ನಿನ್ನಪ್ಪನ್ನ ಕೇಳು,” ಎಂದು ಬತೂಲ್ ಬೆನ್ನು ತಿರುಗಿಸಿದಳು. ಅವತ್ತೂ ಬೇಲಿಯ ಸಾಲಿಗೆ ನೀರು ಬಿಟ್ಟಳು.

ಇಜ್ಲಾಲ್ ಅಪ್ಪನನ್ನು ಕೇಳಿದಳೋ ಇಲ್ಲವೋ. ಕೊಡಲಿ ಸದ್ದಂತೂ ವಾರಗಟ್ಟಲೆ ಕೇಳಿಸಿತು. ಆಮೇಲೆ ನಿಂತಿತು. ಬಲಗೈಯ ಅಂಗೈಗೆ ಮುಳ್ಳು ಆಳಕ್ಕೆ ಹೋಗಿ ಮುರಿದಿತ್ತಂತೆ. ‘ಮದುವೆ ಹುಡುಗಿ ಕೈಗೆ ಪಟ್ಟಿ ಕಟ್ಟಿಕೊಂಡರೆ ಬೀಗರು ಏನಂದಾರು’ ಎಂದು ರೌದಾ ಅದನ್ನು ಬಿಸಿ ಎಳ್ಳೆಣ್ಣೆ, ಗೋರಂಟಿಯಲ್ಲೇ ಮುಚ್ಚಿಟ್ಟಳಂತೆ. ಆಸ್ಪತ್ರೆಗೆ ಕರೆದೊಯ್ಯುವ ವೇಳೆಗೆ ಕೈ ಮೊಣಕೈ ತನಕ ಊದಿತ್ತು. ಕೈ ಉಳಿಯಿತು, ಆದರೆ ಬೆರಳುಗಳು ಕೊಕ್ಕೆಯ ಹಾಗೆ ಒಳಗೆ ಮಡಚಿಕೊಂಡು ಹಾಗೇ ಬಿಗಿದುಹೋದವು. ಗೆದಾರಿಫಿನವರು ಬಂದು ನೋಡಿ, ಊಟ ಮಾಡಿ, ತುಂಬ ಮರ್ಯಾದೆಯಿಂದ ಮಾತಾಡಿ, ಹೋದವರು ಮತ್ತೆ ಬರಲಿಲ್ಲ. ಇದನ್ನೆಲ್ಲ ಬತೂಲಳಿಗೆ ಹೇಳಿದವನು ಓಶೇಕ್. ಹೇಳಿ, ತನ್ನ ಆಡುಗಳನ್ನು ಹೊಡೆದುಕೊಂಡು ಹೋದ. “ಇನ್ಮೇಲೆ ಇಲ್ಲಿಗೆ ತರಲ್ಲ ಅಕ್ಕಾ. ಸಂದು ಯಾರು ಮಾಡ್ತಿದ್ರು ಅಂತ ನಂಗೆ ಗೊತ್ತಾಯ್ತು,” ಎಂದ.

ಕರ್ರಾರ್ ತನ್ನ ತೋಟವನ್ನು ಇದ್ದಿಲು ಸುಡುವವನೊಬ್ಬನಿಗೆ ಸಿಕ್ಕಷ್ಟಕ್ಕೆ ಮಾರಿ, ಊರೊಳಗೆ ಬಾಡಿಗೆ ಕೋಣೆಗೆ ಹೋದ. ಅದೇ ಇದ್ದಿಲಿನವನು ಬತೂಲಳ ಜಾಲಿಯನ್ನೂ ಗುತ್ತಿಗೆ ಹಿಡಿದ. ಕಡಿದಷ್ಟೂ ಚಿಗುರುವ ಮರ ಅವನಿಗೆ ಬಂಗಾರವಾಗಿತ್ತು. ಬತೂಲಳ ಹೊಟ್ಟೆಗೆ ಕೊರತೆಯಾಗಲಿಲ್ಲ. ಎರಡೂ ತೋಟಗಳ ಮೇಲೆ ಹಗಲೂ ರಾತ್ರಿ ಹೊಗೆ ನಿಂತಿರುತ್ತಿತ್ತು. ಬೇಲಿ ಎಲ್ಲಿತ್ತೆಂದು ಅವಳಿಗೇ ಗುರುತು ಹತ್ತುತ್ತಿರಲಿಲ್ಲ.

ಒಂದು ದಿನ ಸಂತೆಗೆ ಹೋದವಳಿಗೆ ಬಸ್ ನಿಲ್ದಾಣದ ಗೋಡೆಯ ನೆರಳಲ್ಲಿ ಚಹಾ ಮಾರುವ ಹೆಂಗಸರ ಸಾಲಿನ ಕೊನೆಯಲ್ಲಿ ಇಜ್ಲಾಲ್ ಕಂಡಳು. ಒಲೆಯ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು. ಎಡಗೈಯಿಂದ ಕೆಟಲ್ ಎತ್ತುತ್ತಿದ್ದಳು, ಬಲಗೈಯ ಮಡಚಿದ ಬೆರಳುಗಳ ನಡುವೆ ಚಮಚ ಸಿಕ್ಕಿಸಿಕೊಂಡು ಸಕ್ಕರೆ ಕಲಕುತ್ತಿದ್ದಳು. ಲಾರಿ ಡ್ರೈವರನೊಬ್ಬ ಏನೋ ಪೋಲಿ ಮಾತಾಡಿದ. ಅವಳು ತಲೆ ಎತ್ತದೆ ಅವನ ಲೋಟ ಮುಂದಿಟ್ಟಳು.

ಬತೂಲ್ ಬಂದು ಖಾಲಿ ಸ್ಟೂಲಿನ ಮೇಲೆ ಕೂತಳು. ಹುಡುಗಿ ಅವಳನ್ನು ನೋಡಿದಳು. ಗುರುತು ಸಿಕ್ಕಿತೆಂದು ಕಣ್ಣೇ ಹೇಳಿತು.

“ಎಷ್ಟು ಸಕ್ಕರೆ, ಹಾಜ್ಜಾ?”

ದಾರಿಯಲ್ಲಿ ಸಿಕ್ಕ ಯಾವ ಮುದುಕಿಯನ್ನಾದರೂ ಕರೆಯುವ ಹೆಸರು ಅದು. ‘ಇಜ್ಲಾಲ್, ನಾನು ಕಣೇ, ಅತ್ತೆ’ ಎನ್ನಲು ಬತೂಲ್ ನಾಲಿಗೆ ಹೊರಳಿಸಿದಳು.

“ಎರಡು ಚಮಚ,” ಎಂದಳು.

ಹುಡುಗಿ ಎರಡು ಚಮಚ ಹಾಕಿ, ಕಲಕಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಕೊಟ್ಟಳು. ಬತೂಲ್ ಕುಡಿದಳು. ಬಿಸಿ ನಾಲಿಗೆ ಸುಟ್ಟಿತು, ಆದರೂ ಬೇಗ ಬೇಗ ಕುಡಿದು ಮುಗಿಸಿದಳು. ಒಲೆಯ ಪಕ್ಕ ದೊಡ್ಡ ನೋಟೊಂದನ್ನು ಇಟ್ಟು, “ಇಟ್ಕೋ,” ಎಂದು ಎದ್ದಳು.

“ಚಿಲ್ಲರೆ ತಗೊಳ್ಳಿ ಹಾಜ್ಜಾ,” ಎಂದು ಇಜ್ಲಾಲ್ ಸೊಟ್ಟ ಬೆರಳುಗಳಿಂದ ಡಬ್ಬಿ ತಡಕಿ, ಉಳಿದದ್ದನ್ನೆಲ್ಲ ಅವಳ ಅಂಗೈಯಲ್ಲಿಟ್ಟು, ಮುಂದಿನ ಗಿರಾಕಿಯ ಕಡೆ ತಿರುಗಿದಳು.